ಮಕ್ಕಳ ರೋಬೋಟ್ ಕಲಿಕೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ರಸ್ತೆ, ಚರಂಡಿ, ಬೀದಿದೀಪ, ಕುಡಿಯುವ ನೀರು ಇವುಗಳ ಚರ್ಚೆಗೇ ಸಾಮಾನ್ಯ ಸಭೆಯ ಸಮಯ ಸಾಲದಿರುವಾಗ ಮಕ್ಕಳ ರೋಬೋಟ್ ಕುರಿತು ಮಾತನಾಡುವುದು ಕೆಲವರಿಗೆ ಅತಿಯೆನಿಸಬಹುದು. ಆದರೆ ಸಂವಿಧಾನದ 11ನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದೆಂದು ಪಟ್ಟಿ ಮಾಡಿರುವ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ 17ನೆಯದು, ತಾಂತ್ರಿಕ ತರಬೇತಿ 18ನೆಯದು, ಗ್ರಂಥಾಲಯ 20ನೆಯದು. ರಾಜ್ಯದಲ್ಲಿ 2019ರಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದ್ದು, ಇಂದು ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. ಶಾಲೆ ಬಿಟ್ಟ ಬಳಿಕ ಮಗುವೊಂದು ಶುಲ್ಕವಿಲ್ಲದೆ ಒಳಗೆ ಬಂದು ಕುಳಿತುಕೊಳ್ಳಬಹುದಾದ ಸರ್ಕಾರಿ ಕೊಠಡಿ ಊರಿನಲ್ಲಿ ಇದ್ದರೆ ಅದು ಬಹುತೇಕ ಇದೊಂದೇ. ಆದ್ದರಿಂದ ಈ ವಿಷಯವು ಪಂಚಾಯಿತಿಯ ಕಾರ್ಯವ್ಯಾಪ್ತಿಯ ಒಳಗೇ ಇದೆ.

ಶಾಲೆಗಳಿಗೂ ಗ್ರಂಥಾಲಯಗಳಿಗೂ ದಾನಿಗಳಿಂದಲೋ, ಯೋಜನೆಗಳಿಂದಲೋ ರೋಬೋಟ್ ಕಿಟ್‌ಗಳು ಬರತೊಡಗಿವೆ. ಕೇಂದ್ರ ಸರ್ಕಾರದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಆರಂಭವಾಗಿ, ದೇಶದ 10,000ಕ್ಕೂ ಹೆಚ್ಚು ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ತೆರೆಯಲು ನೆರವಾಗಿದೆ. ಆಯ್ಕೆಯಾದ ಶಾಲೆಗೆ ದೊರೆತ ಸಹಾಯಧನ 20 ಲಕ್ಷ ರೂಪಾಯಿಗಳವರೆಗೆ. ಪೆಟ್ಟಿಗೆ ಊರಿಗೆ ತಲುಪುವ ಮಾರ್ಗಗಳು ಹೀಗೆ ಹೆಚ್ಚುತ್ತಿವೆ. ಆದರೆ ತಲುಪಿದ ಪೆಟ್ಟಿಗೆ ಬೀರುವಿನೊಳಗೆ ಸೇರಿ, ಬೀಗ ಬಿದ್ದು, ಸ್ವಾತಂತ್ರ್ಯ ದಿನಾಚರಣೆಯಂದು ಮೇಜಿನ ಮೇಲೆ ಕಾಣಿಸಿಕೊಂಡು ಮರಳಿ ಬೀರು ಸೇರುವ ಸಂಭವವೂ ಅಷ್ಟೇ ಇದೆ. ಅದನ್ನು ತಪ್ಪಿಸುವ ಅಧಿಕಾರ ಸದಸ್ಯರ ಕೈಯಲ್ಲಿದೆ ಎಂಬುದೇ ಈ ಉಪನ್ಯಾಸದ ಸಾರಾಂಶ.

ಪೆಟ್ಟಿಗೆಯಲ್ಲಿ ಏನಿರುತ್ತದೆ?

ರೋಬೋಟ್ ಎಂಬ ಶಬ್ದವನ್ನು ಲೋಕಕ್ಕೆ ಪರಿಚಯಿಸಿದ್ದು ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ಒಂದು ನಾಟಕ. ಆ ಭಾಷೆಯಲ್ಲಿ ‘ರೊಬೊತಾ’ ಎಂದರೆ ಒತ್ತಾಯದ ದುಡಿಮೆ. ಕನ್ನಡದ ಹಳ್ಳಿಗಳು ಬಿಟ್ಟಿ ಎಂದು ಕರೆದು ಅನುಭವಿಸಿದ್ದೂ ಅದೇ. ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವ ಆಳು ಎಂಬುದು ಅದರ ಮೂಲಾರ್ಥ.

ಮಕ್ಕಳು ತಾವೇ ಜೋಡಿಸುವ ರೋಬೋಟ್ ಸಾಮಾನ್ಯವಾಗಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಎರಡು ಚಕ್ರದ ಗಾಡಿ. ಒಂದು ತಟ್ಟೆ, ಹಳದಿ ಬಣ್ಣದ ಎರಡು ಚಿಕ್ಕ ಗೇರ್ ಮೋಟಾರುಗಳು, ಸಮತೋಲನಕ್ಕೆ ಎಲ್ಲ ಕಡೆಗೂ ತಿರುಗುವ ಮೂರನೆಯ ಚಕ್ರ, ಬ್ಯಾಟರಿ ಪೆಟ್ಟಿಗೆ, ಆದೇಶಗಳನ್ನು ನೆನಪಿಟ್ಟುಕೊಳ್ಳುವ ಒಂದು ಬೋರ್ಡ್, ಎದುರಿನ ಅಡ್ಡಿಯನ್ನು ಗ್ರಹಿಸುವ ಒಂದು ಸಂವೇದಕ: ಇಷ್ಟೇ.

ಬೋರ್ಡುಗಳಲ್ಲಿ ಹೆಚ್ಚು ಪ್ರಚಲಿತವಾದುದು ಆರ್ಡುಯಿನೋ. ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೂ ಕೈಗೆಟುಕಬೇಕೆಂಬ ಉದ್ದೇಶದಿಂದ 2005ರಲ್ಲಿ ಅದು ರೂಪುಗೊಂಡಿತು. ಅದರ ನಕ್ಷೆಯನ್ನು ಎಲ್ಲರಿಗೂ ಮುಕ್ತಗೊಳಿಸಲಾಗಿರುವುದರಿಂದ ಅದಕ್ಕೆ ಹೊಂದುವ ಬೋರ್ಡುಗಳನ್ನು ಅನೇಕರು ತಯಾರಿಸುತ್ತಾರೆ. ಬೆಲೆ ಇಳಿದಿರುವುದಕ್ಕೆ ಇದೇ ಕಾರಣ. ಆರ್ಡುಯಿನೋ ಊನೋ ಬೋರ್ಡಿನ ಮೊದಲ ಮಾದರಿಗಳಲ್ಲಿ ಆದೇಶಗಳಿಗೆ ಇರುವ ಜಾಗ ಕೇವಲ 32 ಕಿಲೋಬೈಟ್. ಇಂದಿನ ಮೊಬೈಲಿನ ಒಂದು ಛಾಯಾಚಿತ್ರವೂ ಅದರೊಳಗೆ ಹಿಡಿಯದು. ಆದರೂ ಗಾಡಿಯೊಂದು ಗೋಡೆಗೆ ತಾಗದೆ ಕೊಠಡಿ ಸುತ್ತಲು ಅಷ್ಟು ಜಾಗ ಧಾರಾಳ.

ಈ ಬೋರ್ಡಿನ ಒಂದೊಂದು ಕಾಲಿನಿಂದ ಹೊರಡುವ ವಿದ್ಯುತ್ತು ಒಂದು ಚಿಕ್ಕ ದೀಪವನ್ನು ಬೆಳಗಿಸಬಲ್ಲದೇ ಹೊರತು ಮೋಟಾರನ್ನು ತಿರುಗಿಸಲಾರದು. ಆದ್ದರಿಂದ ನಡುವೆ ‘ಮೋಟಾರ್ ಡ್ರೈವರ್’ ಎಂಬ ಇನ್ನೊಂದು ಬೋರ್ಡು ಬೇಕು. ಕೊಳವೆಬಾವಿಯ ಪಂಪ್‌ಸೆಟ್ ಬಲ್ಲ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆರಳು ಒತ್ತುವುದು ಗುಂಡಿಯನ್ನು; ಭಾರಿ ವಿದ್ಯುತ್ತು ಹರಿಯುವುದು ಸ್ಟಾರ್ಟರ್ ಮೂಲಕ. ಇಲ್ಲಿಯೂ ಹಾಗೆಯೇ.

ನೀರುಗಂಟಿಯ ದಿನಚರಿಯೇ ಪ್ರೋಗ್ರಾಂ

ಪ್ರೋಗ್ರಾಂ ಎಂಬುದು ಗಣಿತ ಬಲ್ಲವರ ಗುಟ್ಟಿನ ವಿದ್ಯೆ ಎಂಬ ಅಂಜಿಕೆ ಇದೆ. ಊರಿನ ನೀರುಗಂಟಿಯವರ ದಿನಚರಿಯನ್ನು ಬರೆದಿಟ್ಟರೆ ಈ ಅಂಜಿಕೆ ಹೋಗುತ್ತದೆ. ಬೆಳಿಗ್ಗೆ ಮೋಟಾರ್ ಚಾಲೂ ಮಾಡು. ಟ್ಯಾಂಕ್ ತುಂಬಿದೆಯೇ ನೋಡು. ತುಂಬಿಲ್ಲದಿದ್ದರೆ ಕಾಯು, ಮತ್ತೆ ನೋಡು. ತುಂಬಿದರೆ ಮೋಟಾರ್ ನಿಲ್ಲಿಸು. ಮೇಲಿನ ಕೇರಿಯ ವಾಲ್ವ್ ತೆರೆ. ಅರ್ಧ ಗಂಟೆ ಬಿಟ್ಟು ಮುಚ್ಚು. ಕೆಳಗಿನ ಕೇರಿಯ ವಾಲ್ವ್ ತೆರೆ. ನಾಳೆ ಇದನ್ನೇ ಪುನಃ ಮಾಡು.

ಪ್ರೋಗ್ರಾಮಿನ ಮೂರು ಆಧಾರಗಳೂ ಇದರಲ್ಲಿವೆ. ಒಂದಾದ ಮೇಲೊಂದು ಮಾಡುವುದು ಕ್ರಮ. ‘ತುಂಬಿದರೆ’ ಎಂಬುದು ಷರತ್ತು. ‘ಪುನಃ ಮಾಡು’ ಎಂಬುದು ಆವರ್ತನೆ. ಕ್ರಮ ತಪ್ಪಿದರೆ ನೀರಿಲ್ಲದ ಟ್ಯಾಂಕಿನ ವಾಲ್ವ್ ತೆರೆದಂತಾಗುತ್ತದೆ. ಷರತ್ತು ಮರೆತರೆ ಟ್ಯಾಂಕ್ ತುಂಬಿ ಬೀದಿಯಲ್ಲಿ ನೀರು ಹರಿಯುತ್ತದೆ. ಮನುಷ್ಯನಾದರೆ ಹೇಳದೆ ಬಿಟ್ಟದ್ದನ್ನೂ ಊಹಿಸಿ ಮಾಡುತ್ತಾನೆ. ಯಂತ್ರಕ್ಕೆ ಊಹೆ ಇಲ್ಲ. ತಾನು ಏನನ್ನು ಹೇಳದೆ ಬಿಟ್ಟೆನೆಂಬುದನ್ನು ಮಗು ಯಂತ್ರದ ಎದುರು ಕಂಡುಕೊಳ್ಳುತ್ತದೆ.

ಈ ಕಲಿಕೆಯನ್ನು ಕಂಪ್ಯೂಟರ್ ಇಲ್ಲದೆಯೂ ಆರಂಭಿಸಬಹುದು. ಅರಿವು ಕೇಂದ್ರದ ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳಂತೆ ಉದ್ದಕ್ಕೆ ನಾಲ್ಕು, ಅಗಲಕ್ಕೆ ನಾಲ್ಕು ಚೌಕಗಳನ್ನು ಬರೆದು, ಒಂದು ಮಗುವನ್ನು ರೋಬೋಟ್ ಎಂದು ನಿಲ್ಲಿಸಿ, ಇನ್ನೊಂದು ಮಗುವಿನಿಂದ ಚೀಟಿಯಲ್ಲಿ ಆದೇಶ ಬರೆಸಬೇಕು: ‘ಎರಡು ಮನೆ ಮುಂದೆ, ಬಲಕ್ಕೆ ತಿರುಗು, ಒಂದು ಮನೆ ಮುಂದೆ’. ಬರೆದ ಮಗುವಿನ ಬಲ ಯಾವುದು, ನಿಂತ ಮಗುವಿನ ಬಲ ಯಾವುದು ಎಂಬ ಜಗಳ ಮೊದಲ ಐದು ನಿಮಿಷಗಳಲ್ಲಿಯೇ ಏಳುತ್ತದೆ. ಆ ಜಗಳವೇ ಮೊದಲ ಪಾಠ.

ಈ ವಿಧಾನಕ್ಕೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಹಾಗೂ ವಾಲೇಸ್ ಫೋರ್ಜೈಗ್ 1967ರಲ್ಲಿ ಮಕ್ಕಳಿಗಾಗಿ ‘ಲೋಗೋ’ ಎಂಬ ಪ್ರೋಗ್ರಾಂ ಭಾಷೆಯನ್ನು ರೂಪಿಸಿದರು. ಮುಂದೆ ಆ ಭಾಷೆಯ ಆದೇಶದಂತೆ ನೆಲದ ಮೇಲೆ ಚಲಿಸುವ, ಲೇಖನಿಯಿಂದ ಗೆರೆ ಎಳೆಯುವ ಯಂತ್ರದ ಆಮೆಯೊಂದು ಬಂದಿತು. ಚೌಕ ಬಿಡಿಸಲಾಗದ ಮಗು ತಾನೇ ನೆಲದ ಮೇಲೆ ಚೌಕಾಕಾರದಲ್ಲಿ ನಡೆದು, ನಡೆದುದನ್ನೇ ಆಮೆಗೆ ಹೇಳಬಹುದಾಗಿತ್ತು. ಕಂಪ್ಯೂಟರು ಮಗುವಿಗೆ ಪಾಠ ಒಪ್ಪಿಸುವುದಕ್ಕಿಂತ, ಮಗುವೇ ಕಂಪ್ಯೂಟರಿಗೆ ಕಲಿಸುವುದು ಮೇಲು ಎಂಬುದು ಪೇಪರ್ಟ್ ಅವರ ನಿಲುವು. ಅವರ ‘ಮೈಂಡ್‌ಸ್ಟಾರ್ಮ್ಸ್’ ಗ್ರಂಥ 1980ರಲ್ಲಿ ಪ್ರಕಟವಾಯಿತು. ಆದೇಶಗಳನ್ನು ಟೈಪ್ ಮಾಡುವ ಬದಲು ಬಣ್ಣದ ತುಂಡುಗಳಂತೆ ಒಂದಕ್ಕೊಂದು ಜೋಡಿಸುವ ‘ಸ್ಕ್ರಾಚ್’ 2007ರಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ದೊರೆಯಿತು. ಇಂದು ಮಕ್ಕಳ ರೋಬೋಟುಗಳಿಗೆ ಆದೇಶ ನೀಡುವ ಅನೇಕ ತಂತ್ರಾಂಶಗಳು ಇದೇ ಮಾದರಿಯವು.

ಭಾಷೆಯ ತೊಡಕನ್ನೂ ಇಲ್ಲಿ ಹೇಳಬೇಕಾಗಿದೆ. ಆರ್ಡುಯಿನೋ ಬೋರ್ಡಿಗೆ ಅಕ್ಷರಗಳಲ್ಲಿ ಬರೆಯುವ ಆದೇಶಗಳು ಇಂಗ್ಲಿಷ್ ಪದಗಳಲ್ಲಿರುತ್ತವೆ. ಆದರೆ ಆರಂಭದ ಪಾಠಗಳಿಗೆ ಬೇಕಾಗುವ ಪದಗಳು ಒಂದೆರಡು ಡಜನ್ ಮಾತ್ರ. ‘ಇಫ್’ ಎಂದರೆ ‘ಹೀಗಾದರೆ’, ‘ಡಿಲೇ’ ಎಂದರೆ ‘ಕಾಯು’, ‘ಲೂಪ್’ ಎಂದರೆ ‘ಪುನಃ ಪುನಃ ಮಾಡು’. ಮೊದಲು ಕನ್ನಡದಲ್ಲಿ ಕಪ್ಪು ಹಲಗೆಯ ಮೇಲೆ ಯೋಚನೆ, ಅನಂತರ ತುಂಡುಗಳ ಜೋಡಣೆ, ಕೊನೆಗೆ ಇಂಗ್ಲಿಷ್ ಪದಗಳು ಎಂಬ ಕ್ರಮವನ್ನು ಅನುಸರಿಸಿದರೆ ಕನ್ನಡ ಮಾಧ್ಯಮದ ಮಗು ಹಿಂದೆ ಬೀಳಬೇಕಾದ ಕಾರಣವಿಲ್ಲ.

ಗಾಡಿ ಓಡದಿದ್ದಾಗ ನಡೆಯುವ ಕಲಿಕೆ

ಜೋಡಿಸಿದ ಗಾಡಿಗೆ ‘ನೇರ ಮುಂದೆ ಹೋಗು’ ಎಂದು ಆದೇಶ ಕೊಟ್ಟರೆ ಬಹುತೇಕ ಅದು ನೇರ ಹೋಗುವುದಿಲ್ಲ. ಎಡಕ್ಕೋ ಬಲಕ್ಕೋ ವಾಲುತ್ತದೆ. ಮಕ್ಕಳು ಪ್ರೋಗ್ರಾಮನ್ನು ಮತ್ತೆ ಓದುತ್ತಾರೆ, ಅದರಲ್ಲಿ ತಪ್ಪಿಲ್ಲ. ಗಾಡಿಯನ್ನು ಎತ್ತಿ ಹಿಡಿದು ಚಕ್ರದ ಸುತ್ತುಗಳನ್ನು ಎಣಿಸಿದಾಗ ಕಾರಣ ತಿಳಿಯುತ್ತದೆ: ಒಂದೇ ಕಾರ್ಖಾನೆಯ ಎರಡು ಮೋಟಾರುಗಳೂ ಒಂದೇ ವೇಗದವಲ್ಲ. ಗಾಡಿ ಎಡಕ್ಕೆ ವಾಲಿದರೆ ಎಡ ಚಕ್ರ ನಿಧಾನವೆಂದು ಅರ್ಥ. ಮೋಟಾರಿನ ವೇಗವನ್ನು 0ಯಿಂದ 255ರವರೆಗಿನ ಅಂಕಿಯಲ್ಲಿ ನಿಗದಿ ಮಾಡಬಹುದು. ಎರಡಕ್ಕೂ 200 ಕೊಟ್ಟಿದ್ದರೆ ಬಲ ಚಕ್ರವನ್ನು 190ಕ್ಕೆ ಇಳಿಸಿ ನೋಡಬೇಕು, ಸಾಲದಿದ್ದರೆ 185. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು, ಬದಲಿಸಿದುದನ್ನು ಬರೆದಿಡಬೇಕು ಎಂಬ ವೈಜ್ಞಾನಿಕ ಶಿಸ್ತು ಇಲ್ಲಿ ಉಪದೇಶವಿಲ್ಲದೆ ಬರುತ್ತದೆ.

ಎರಡನೆಯದು ಸದ್ದಿನಿಂದ ದೂರ ಅಳೆಯುವ ಸಂವೇದಕದ ಪಾಠ. ಎರಡು ಕಣ್ಣುಗಳಂತೆ ಕಾಣುವ ಈ ಸಾಧನದ ಒಂದು ಕಣ್ಣು ಮನುಷ್ಯನ ಕಿವಿಗೆ ಕೇಳಿಸದ ಸದ್ದನ್ನು ಹೊರಡಿಸುತ್ತದೆ. ಇನ್ನೊಂದು ಅದರ ಪ್ರತಿಧ್ವನಿಯನ್ನು ಹಿಡಿಯುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 34 ಸೆಂಟಿಮೀಟರ್. ಅಷ್ಟು ಹೊತ್ತಿನಲ್ಲಿ ಪ್ರತಿಧ್ವನಿ ಮರಳಿದರೆ ಗೋಡೆ ಎಷ್ಟು ದೂರದಲ್ಲಿದೆ? 34 ಸೆಂಟಿಮೀಟರ್ ಎಂದು ಲೆಕ್ಕ ಬರೆದ ಮಗುವಿನ ಗಾಡಿ ಗೋಡೆಗೆ ಗುದ್ದುತ್ತದೆ. ಅಳತೆಪಟ್ಟಿ ಇಟ್ಟು ನೋಡಿದರೆ ದೂರ 17 ಸೆಂಟಿಮೀಟರ್ ಮಾತ್ರ. ಸದ್ದು ಹೋಗಿ ಬಂದಿದೆ. ಆದ್ದರಿಂದ ಅರ್ಧ ಮಾಡಬೇಕಾಗಿತ್ತು. ಎರಡರಿಂದ ಭಾಗಿಸುವುದು ಪುಸ್ತಕದಲ್ಲಿ ಒಂದು ನಿಯಮ. ಗೋಡೆಗೆ ಗುದ್ದಿದ ಮೇಲೆ ಅದು ತಾನೇ ಕಂಡುಹಿಡಿದ ಸತ್ಯ. ಆ ಮಗು ಅದನ್ನು ಮರೆಯುವುದಿಲ್ಲ.

ಮೂರನೆಯದು ಬ್ಯಾಟರಿಯ ಪಾಠ. ‘ಅರ್ಧ ಸೆಕೆಂಡ್ ತಿರುಗು’ ಎಂದು ಬರೆದರೆ ಬೆಳಿಗ್ಗೆ ಸರಿಯಾಗಿ ಮೂಲೆ ತಿರುಗಿದ ಗಾಡಿ ಸಂಜೆಗೆ ಅಷ್ಟು ತಿರುಗುವುದಿಲ್ಲ, ಬ್ಯಾಟರಿ ಸೊರಗಿರುತ್ತದೆ. ಆದೇಶ ಬದಲಾಗಿಲ್ಲ, ಫಲಿತಾಂಶ ಬದಲಾಗಿದೆ. ಆದೇಶ ಹೊರಡಿಸಿದರೆ ಸಾಲದು, ಆದದ್ದೇನು ಎಂದು ಅಳೆದು ನೋಡಿ ಮುಂದಿನ ಹೆಜ್ಜೆ ಇಡಬೇಕೆಂಬುದನ್ನು ಮಗು ಅರಿಯುತ್ತದೆ. ಆಡಳಿತ ನಡೆಸುವವರಿಗೂ ಪ್ರಯೋಜನಕ್ಕೆ ಬರುವ ತಿಳಿವಳಿಕೆ ಇದು.

ಇದೇ ಜ್ಞಾನ ಊರಿನ ಕೆಲಸಕ್ಕೂ ಒದಗುತ್ತದೆ. ಗಾಡಿಯ ಮುಂದಿರುವ ಸಂವೇದಕವನ್ನು ನೀರಿನ ತೊಟ್ಟಿಯ ಮೇಲೆ ಕೆಳಮುಖವಾಗಿ ಇರಿಸಿದರೆ ಅದು ನೀರಿನ ಮಟ್ಟವನ್ನು ಅಳೆಯುತ್ತದೆ. ಸಂವೇದಕದಿಂದ ತಳಕ್ಕೆ 200 ಸೆಂಟಿಮೀಟರ್ ಇದ್ದು, ನೀರಿನ ಮೇಲ್ಮೈಗೆ 50 ಸೆಂಟಿಮೀಟರ್ ಎಂದು ತೋರಿದರೆ, ತೊಟ್ಟಿಯಲ್ಲಿ 150 ಸೆಂಟಿಮೀಟರ್ ನೀರಿದೆ. ನಿಜವಾದ ಟ್ಯಾಂಕಿಗೆ ತೇವ ತಡೆಯುವ ಬೇರೆ ಬಗೆಯ ಸಂವೇದಕ ಬೇಕು. ಅದನ್ನು ಅಳವಡಿಸುವುದು ತಂತ್ರಜ್ಞರ ಕೆಲಸ. ಆದರೆ ಒಂದು ಬಕೆಟ್ ನೀರಿನಲ್ಲಿ ಇದನ್ನು ಮಾಡಿ ನೋಡಿದ ಬಾಲಕಿ, ತನ್ನ ಬೀದಿಯಲ್ಲಿ ಟ್ಯಾಂಕ್ ತುಂಬಿ ಹರಿಯುವಾಗ ಅದನ್ನು ಹಣೆಬರಹವೆಂದು ನೋಡುವುದಿಲ್ಲ. ತಿದ್ದಬಹುದಾದ ತಪ್ಪೆಂದು ನೋಡುತ್ತಾಳೆ.

ಬೀಗ ಬೀಳುವುದು ಏಕೆ?

ಇಷ್ಟು ಉಪಯುಕ್ತವಾದ ಪೆಟ್ಟಿಗೆ ಬೀರುವಿನೊಳಗೆ ಉಳಿಯಲು ಮೇಲ್ವಿಚಾರಕರ ಉದಾಸೀನವೇ ಕಾರಣವೆಂದು ಭಾವಿಸುವುದು ಅನ್ಯಾಯ. ಮುಖ್ಯ ಕಾರಣ ಭಯ. ಕಿಟ್ ದಾಸ್ತಾನು ಪುಸ್ತಕದಲ್ಲಿ ನಮೂದಾಗಿರುತ್ತದೆ. ಮಗು ಬ್ಯಾಟರಿಯ ಕೂಡು ಕಳೆಯನ್ನು ತಿರುವುಮುರುವಾಗಿ ಜೋಡಿಸಿ ಸಂವೇದಕ ಸುಟ್ಟರೆ, ಒಂದು ತಿರುಪು ಕಳೆದುಹೋದರೆ, ಲೆಕ್ಕ ತಪಾಸಣೆಯಲ್ಲಿ ಉತ್ತರಿಸಬೇಕಾದವರು ಯಾರು? ಅಲ್ಪ ಗೌರವಧನದಲ್ಲಿ ದುಡಿಯುವವರಿಗೆ ಬೀಗವೇ ಸುರಕ್ಷಿತ ಮಾರ್ಗವಾಗಿ ತೋರಿದರೆ ಆಶ್ಚರ್ಯವಿಲ್ಲ. ಪೆಟ್ಟಿಗೆ ಹೊಸದಾಗಿಯೇ ಉಳಿಯುತ್ತದೆ. ಮಕ್ಕಳು ಮಾತ್ರ ದೊಡ್ಡವರಾಗಿ ಊರು ಬಿಡುತ್ತಾರೆ.

ಬ್ರಿಟನ್ನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಬಿಬಿಸಿ 2016ರಲ್ಲಿ ‘ಮೈಕ್ರೋಬಿಟ್’ ಎಂಬ ಪುಟ್ಟ ಬೋರ್ಡನ್ನು ಅಲ್ಲಿನ 11–12 ವರ್ಷದ ಮಕ್ಕಳಿಗೆ ಹಂಚಲು ಮುಂದಾಯಿತು. ಗುರಿ ಸುಮಾರು 10 ಲಕ್ಷ. ಅದನ್ನು ಮಕ್ಕಳು ಮನೆಗೆ ಒಯ್ದು ತಮ್ಮದಾಗಿಸಿಕೊಳ್ಳಲೆಂದು ಕೊಡಲಾಗಿತ್ತು. ಪ್ರತಿ ಮಗುವಿಗೂ ಒಂದು ಕೊಡುವ ಶಕ್ತಿ ಗ್ರಾಮ ಪಂಚಾಯಿತಿಗೆ ಇಲ್ಲದಿರಬಹುದು. ಆದರೆ ವಸ್ತು ಮಗುವಿನ ಕೈಗೆ ಸೇರಿದಾಗ ಮಾತ್ರ ಖರ್ಚು ಸಾರ್ಥಕ ಎಂಬ ತತ್ತ್ವಕ್ಕೆ ಹಣ ಬೇಕಾಗಿಲ್ಲ.

ಇನ್ನೊಂದು ಬೀಗ ಕಣ್ಣಿಗೆ ಕಾಣದ್ದು. ಗಂಡು ಹೆಣ್ಣು ಮಕ್ಕಳು ಒಟ್ಟಿಗಿರುವ ತಂಡದಲ್ಲಿ ತಿರುಪುಳಿ ಹುಡುಗರ ಕೈಗೆ, ನೋಟ್ ಪುಸ್ತಕ ಹುಡುಗಿಯರ ಕೈಗೆ ತಾನಾಗಿಯೇ ಹೋಗಿಬಿಡುತ್ತದೆ. ತರಗತಿ ಸಂಜೆ ಕತ್ತಲಾಗುವವರೆಗೆ ನಡೆದರೆ ಹುಡುಗಿಯರು ಅರ್ಧಕ್ಕೇ ಎದ್ದು ಹೋಗಬೇಕಾಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇರುವ ಮಗು ಮುಂದೆ ಕೂರುತ್ತದೆ. ಕೂಲಿಯವರ ಮಗು ಹಿಂದೆ ನಿಂತು ನೋಡುತ್ತದೆ. ಯಾರೂ ತಡೆದಿಲ್ಲವೆಂಬ ಮಾತ್ರಕ್ಕೆ ಎಲ್ಲರಿಗೂ ಅವಕಾಶ ದೊರೆಯಿತೆಂದು ಅರ್ಥವಲ್ಲ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ದಾಸ್ತಾನು: ಕಂಪ್ಯೂಟರ್, ಉಪಕರಣಗಳಂತಹ ಬಾಳಿಕೆಯ ವಸ್ತುಗಳನ್ನೂ, ಸಂವೇದಕ, ತಂತಿ, ಬ್ಯಾಟರಿ, ಮೋಟಾರುಗಳಂತಹ ಬಳಸಿ ಸವೆಯುವ ವಸ್ತುಗಳನ್ನೂ ಪ್ರತ್ಯೇಕಿಸಿ ನಮೂದಿಸುವ ಬಗ್ಗೆ ನಿಯಮಾನುಸಾರ ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಳ್ಳುವುದು. ಕಲಿಕೆಯಲ್ಲಿ ಹಾಳಾದ ಭಾಗಗಳಿಗೆ ಒಂದು ಪುಸ್ತಕವಿಟ್ಟು, ಏನು ಹಾಳಾಯಿತು, ಏಕೆ ಹಾಳಾಯಿತು ಎಂಬುದನ್ನು ಮಕ್ಕಳಿಂದಲೇ ಬರೆಸುವುದು. ಅದರ ಬೆಲೆ ಮಗುವಿನ ಮೇಲಾಗಲಿ ಮೇಲ್ವಿಚಾರಕರ ಮೇಲಾಗಲಿ ಬೀಳದಂತೆ ನೋಡಿಕೊಳ್ಳುವುದು.

2. ಖರೀದಿ: ಹೊಸ ಕಿಟ್ ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳುವುದು. ಬಿಚ್ಚಿ ಪುನಃ ಜೋಡಿಸಬಹುದೇ? ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಪ್ರತ್ಯೇಕವಾಗಿ ದೊರೆಯುತ್ತವೆಯೇ? ಇಂಟರ್ನೆಟ್ ಇಲ್ಲದಿದ್ದರೂ ಪ್ರೋಗ್ರಾಂ ಬರೆಯಬಹುದೇ? ಮೂರಕ್ಕೂ ‘ಹೌದು’ ಎಂಬ ಉತ್ತರವಿಲ್ಲದ ಕಿಟ್ ಎಷ್ಟೇ ಆಕರ್ಷಕವಾಗಿದ್ದರೂ ಬೇಡ. ಎರಡನೆಯ ಕಿಟ್‌ಗಿಂತ ಮೊದಲ ಕಿಟ್‌ನ ಬಿಡಿಭಾಗಗಳಿಗೆ ಆದ್ಯತೆ ನೀಡುವುದು.

3. ಸಮಯ: ವಾರಕ್ಕೆ ಎರಡು ದಿನ, ಬೆಳಕಿರುವಾಗಲೇ ಮುಗಿಯುವಂತೆ ವೇಳೆ ನಿಗದಿಪಡಿಸಿ ಅರಿವು ಕೇಂದ್ರದ ಬಾಗಿಲಲ್ಲಿ ಬರೆಸುವುದು.

4. ತಂಡ: ಒಂದು ಕಿಟ್‌ಗೆ ಮೂರು ಅಥವಾ ನಾಲ್ಕು ಮಕ್ಕಳು. ಜೋಡಿಸುವುದು, ಪ್ರೋಗ್ರಾಂ ಬರೆಯುವುದು, ಅಳೆಯುವುದು, ದಾಖಲಿಸುವುದು ಈ ಕೆಲಸಗಳು ಪ್ರತಿ ತರಗತಿಯಲ್ಲೂ ಸರದಿಯಂತೆ ಬದಲಾಗುವುದು. ಹುಡುಗಿಯರಿಗೆ ಮತ್ತು ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ಮೊದಲ ಸರದಿ.

5. ಮಾರ್ಗದರ್ಶನ: ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಊರಿನಲ್ಲಿರುವ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಗುರುತಿಸಿ ಆಹ್ವಾನಿಸುವುದು. ಬಂದವರು ಗಾಡಿಯನ್ನು ತಾವೇ ರಿಪೇರಿ ಮಾಡಿಕೊಡದೆ, ಪ್ರಶ್ನೆ ಕೇಳಿ ಮಕ್ಕಳಿಂದಲೇ ಮಾಡಿಸುವಂತೆ ತಿಳಿಸುವುದು.

6. ಸುರಕ್ಷತೆ: ಆರಂಭಿಕರಿಗೆ ಪೆನ್ ಟಾರ್ಚಿನ ಸಾಮಾನ್ಯ ಸೆಲ್‌ಗಳೇ ಸಾಕು. ಲಿಥಿಯಂ ಸೆಲ್‌ಗಳ ಎರಡು ತುದಿಗಳು ತಂತಿಯಿಂದ ನೇರ ಕೂಡಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ, ತಿಳಿದ ಹಿರಿಯರಿಲ್ಲದೆ ಅವುಗಳನ್ನು ಬಳಸಕೂಡದು. ಗೋಡೆಯ ಪ್ಲಗ್ಗಿನ ವಿದ್ಯುತ್ತಿಗೆ ಮಕ್ಕಳ ಯಾವ ಪ್ರಯೋಗವನ್ನೂ ನೇರ ಜೋಡಿಸಕೂಡದು.

7. ವರದಿ: ಮಕ್ಕಳ ಗ್ರಾಮ ಸಭೆಯಲ್ಲಿ ಪ್ರತಿ ತಂಡಕ್ಕೆ ಕೆಲವು ನಿಮಿಷ ಅವಕಾಶ ನೀಡುವುದು. ಅಲ್ಲಿ ಗಾಡಿ ಓಡಿಸಿ ತೋರಿಸಿದರೆ ಸಾಲದು. ಮೊದಲು ಏಕೆ ಓಡಲಿಲ್ಲ, ಹೇಗೆ ಸರಿಪಡಿಸಲಾಯಿತು ಎಂಬುದನ್ನು ಮಕ್ಕಳು ಹೇಳಬೇಕು.

ಮಾನ್ಯ ಸದಸ್ಯರೇ, ಊರಿನ ಎಲ್ಲ ಮಕ್ಕಳೂ ಎಂಜಿನಿಯರುಗಳಾಗಲಿ ಎಂಬುದು ಈ ಕೆಲಸದ ಗುರಿಯಲ್ಲ. ಕೃಷಿಯಲ್ಲಿ ನಿಲ್ಲುವ ಮಗು, ಹೊಲಿಗೆ ಕಲಿಯುವ ಮಗು, ಮುಂದೊಂದು ದಿನ ಇದೇ ಸಭಾಂಗಣದಲ್ಲಿ ಸದಸ್ಯಳಾಗಿ ಕೂರುವ ಮಗು, ಎಲ್ಲರಿಗೂ ಬೇಕಾದ ಒಂದು ಅಭ್ಯಾಸವನ್ನು ಅದು ಬೆಳೆಸುತ್ತದೆ: ಕೆಲಸ ಕೆಟ್ಟಾಗ ಅಳದೆ, ಇನ್ನೊಬ್ಬರನ್ನು ದೂರದೆ, ಎಲ್ಲಿ ತಪ್ಪಿತೆಂದು ಹುಡುಕಿ ತಿದ್ದುವ ಅಭ್ಯಾಸ. ಅದಕ್ಕೆ ತಪ್ಪು ಮಾಡುವ ಅವಕಾಶ ಬೇಕು. ಆ ಅವಕಾಶಕ್ಕೆ ತೆರೆದ ಪೆಟ್ಟಿಗೆ ಬೇಕು.

ಮುಂದಿನ ಬಾರಿ ಅರಿವು ಕೇಂದ್ರಕ್ಕೆ ಭೇಟಿ ನೀಡಿದಾಗ ಸದಸ್ಯರು ರೋಬೋಟ್ ಕಿಟ್ ಎಲ್ಲಿದೆ ಎಂದು ಕೇಳಲಿ. ಬೀರುವಿನಲ್ಲಿ ಹೊಸದಾಗಿ ಹೊಳೆಯುತ್ತಿದ್ದರೆ ಅದರ ಬೀಗದ ಕೈಯನ್ನು ಕೇಳಲಿ. ಮೇಜಿನ ಮೇಲೆ ಹರಡಿಕೊಂಡು, ಒಂದು ಚಕ್ರ ಕಳಚಿ, ಅದರ ಸುತ್ತ ನಾಲ್ಕು ಮಕ್ಕಳು ವಾದಿಸುತ್ತಿದ್ದರೆ, ಆ ಪಂಚಾಯಿತಿಯ ಹಣ ಸದ್ವಿನಿಯೋಗವಾಗಿದೆ ಎಂದು ತಿಳಿಯಲಿ.